ಕಾಡು ಬಾ ಎಂದಾಗ

'ಊರು ಹೋಗು ಎನ್ನುತ್ತದೆ, ಕಾಡು ಬಾ ಎನ್ನುತ್ತದೆ' ಎಂಬ ಮಾತನ್ನು ನಮ್ಮ ಹಿರಿಯರು ಮುದಿತನವನ್ನು ಕುರಿತು ಹೇಳುತ್ತಿದ್ದರು. ಆ ಗಾದೆಯ ಕಾಡು ಸ್ಮಶಾನವೇ ಹೊರತು ಹುಲಿ ಕರಡಿಗಳ ಕಾಡಲ್ಲ. ಅರವತ್ತನ್ನು ದಾಟಿ ನಾಲ್ಕು ವರ್ಷವಾದ ನನಗೂ ಈಚೆಗೆ ಕಾಡು ಬಾ ಎನ್ನತೊಡಗಿದೆ. ಆದರೆ ನನ್ನ ಪುಣ್ಯಕ್ಕೆ, ಸದ್ಯಕ್ಕಂತೂ ಅದು ಹುಲಿ ಕರಡಿಗಳ ಕಾಡೇ. ಕರೆದವಳು ನನ್ನ ಮೊಮ್ಮಗಳು. ಶಾಲೆಯಲ್ಲಿ ಅವಳಿಗೆ ಒಂದು ಪಟ್ಟಿಯನ್ನು ಬರೆಸಿದ್ದರು. ನಮ್ಮ ರಾಜ್ಯದಲ್ಲಿ ನೋಡಲೇಬೇಕಾದ ಕಾಡು, ಕೊಳ್ಳ, ಜಲಪಾತ, ಪಕ್ಷಿಧಾಮಗಳ ಹೆಸರು ಅದರಲ್ಲಿದ್ದವು. ಪಟ್ಟಿಯ ತಲೆಯ ಮೇಲೆ ದುಂಡು ಅಕ್ಷರದಲ್ಲಿ 'ನಿಸರ್ಗ ನಿರ್ಮಿತ ತಾಣಗಳು' ಎಂದಿತ್ತು. ರಜೆಯಲ್ಲಿ ಅವುಗಳಲ್ಲಿ ಕೆಲವನ್ನಾದರೂ ತೋರಿಸಬೇಕೆಂದು ಅವಳ ಹಟ. ನನಗೂ ಬೇರೆ ಕೆಲಸವಿರಲಿಲ್ಲ, ಹೊರಟೆವು.

ಆ ತಲೆಬರಹವನ್ನು ಕುರಿತೇ ಇಂದು ನಾಲ್ಕು ಮಾತು ಆಡಬೇಕೆಂದಿದ್ದೇನೆ. ಕಾಡಿಗೆ ಹೋಗುವವರು ಇತಿಹಾಸವನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ಹಂಪೆಗೋ ಹಳೇಬೀಡಿಗೋ ಹೋಗುವಾಗ ಕಟ್ಟಿಸಿದವರು ಯಾರು, ಕೆಡವಿದವರು ಯಾರು ಎಂದು ಕೇಳುವ ನಾವು, ಬಂಡೀಪುರದಲ್ಲಿ ಆ ಪ್ರಶ್ನೆಯನ್ನು ಕೇಳುವುದಿಲ್ಲ. ಮರವನ್ನು ಯಾರೂ ಕಟ್ಟಿಸುವುದಿಲ್ಲವಲ್ಲ ಎಂಬುದು ನಮ್ಮ ಸಮಾಧಾನ. ಆದರೆ ಮರ ಉಳಿಯುವುದಕ್ಕೂ ಅಳಿಯುವುದಕ್ಕೂ ಮನುಷ್ಯರ ತೀರ್ಮಾನಗಳೇ ಕಾರಣವಾಗಿ ಬಹುಕಾಲವಾಯಿತು.

ನಿಜವಾಗಿ ನಿಸರ್ಗವೊಂದೇ ನಿರ್ಮಿಸಿದ ತಾಣಗಳು ಇಲ್ಲವೆಂದಲ್ಲ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇದೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ನೆತ್ತಿಯ ಮೇಲಿರುವ ಕೆಂಪೇಗೌಡರ ಗೋಪುರ ಆ ಲೆಕ್ಕದಲ್ಲಿ ನಿನ್ನೆ ಸಂಜೆಯದು. ಮಲ್ಪೆಯ ಕಡಲಿನಾಚೆ ಸೇಂಟ್ ಮೇರಿ ದ್ವೀಪಗಳಲ್ಲಿ ಕಲ್ಲಿನ ಕಂಬಗಳು ಒಟ್ಟಾಗಿ ನಿಂತಿವೆ. ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟಾಗ, ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಉಕ್ಕಿದ ಲಾವಾರಸ ಆರಿ ಹಾಗೆ ನಿಂತಿತಂತೆ. ಇಲ್ಲೆಲ್ಲ ನಮ್ಮ ಕೈವಾಡ ಏನೂ ಇಲ್ಲ. ಆದರೆ ಜೋಗಕ್ಕೆ ಬನ್ನಿ. ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳು 830 ಅಡಿ ಧುಮುಕುವ ಆ ಕಮರಿಯನ್ನು ಕೊರೆದದ್ದು ಶರಾವತಿಯೇ, ಸಂಶಯವಿಲ್ಲ. ಆದರೆ 1948ರಲ್ಲಿ ಅಲ್ಲಿ ವಿದ್ಯುದಾಗಾರ ಕೆಲಸ ಆರಂಭಿಸಿತು. 1964ರಲ್ಲಿ ಮೇಲೆ ಲಿಂಗನಮಕ್ಕಿಯ ಕಟ್ಟೆ ಎದ್ದಿತು. ಅಂದಿನಿಂದ ಬೇಸಿಗೆಯಲ್ಲಿ ರಾಜ ಧುಮುಕಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಕಟ್ಟೆಯ ಬಾಗಿಲು. ನಮ್ಮ ಮನೆಯ ದೀಪ ಉರಿಯುವುದಕ್ಕಾಗಿ ಅಲ್ಲಿ ನೀರು ಬೀಳುವುದು ನಿಂತಿದೆ. ಇದು ದೂರಲ್ಲ; ಲೆಕ್ಕ.

ನಾವು ಮೊದಲು ಹೋದದ್ದು ರಂಗನತಿಟ್ಟಿಗೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುವೆ ಕೆಲವು ಸಣ್ಣ ನಡುಗಡ್ಡೆಗಳು. ಅವುಗಳ ಮರ ಪೊದೆಗಳ ಮೇಲೆಲ್ಲ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ಹೆಜ್ಜಾರ್ಲೆ, ನೀರುಕಾಗೆಗಳ ಸಂಸಾರ. ಬಂಡೆಯ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆಗಳು. ಇದಕ್ಕಿಂತ ನೈಸರ್ಗಿಕವಾದದ್ದು ಬೇರೆ ಏನಿದೆ ಎನ್ನಿಸುತ್ತದೆ. ಆದರೆ ಈ ನಡುಗಡ್ಡೆಗಳು ಹುಟ್ಟಿದ್ದು 1645ರಿಂದ 1648ರವರೆಗೆ ಇಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಒಂದು ಒಡ್ಡಿನಿಂದ. ಆಗ ಮೈಸೂರನ್ನು ಆಳುತ್ತಿದ್ದವನು ಕಂಠೀರವ ನರಸರಾಜ ಒಡೆಯ. ನಾವು ರಣಧೀರ ಕಂಠೀರವನೆಂದು ಕರೆಯುವ ಅರಸು. ಅವನಿಗೆ ಬೇಕಾಗಿದ್ದದ್ದು ನೀರು. ಹಕ್ಕಿಗಳು ಅವನ ಯೋಚನೆಯಲ್ಲಿ ಇದ್ದವೆಂದು ಹೇಳುವುದಕ್ಕೆ ಆಧಾರವಿಲ್ಲ. ನೀರು ನಿಂತಿತು, ತಿಟ್ಟುಗಳು ಉಳಿದವು, ನಾಲ್ಕು ಕಡೆ ನೀರಿದ್ದುದರಿಂದ ನರಿ ನಾಯಿಗಳ ಕಾಟವಿಲ್ಲದೆ ಹಕ್ಕಿಗಳು ಬಂದು ಮೊಟ್ಟೆಯಿಟ್ಟವು. ಮುನ್ನೂರು ವರ್ಷ ಕಳೆದ ಮೇಲೆ ಪಕ್ಷಿವಿಜ್ಞಾನಿ ಸಾಲಿಂ ಅಲಿಯವರು ಇದನ್ನು ಕಂಡು, ರಕ್ಷಿಸಬೇಕೆಂದು ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗು ಪ್ರದೇಶಗಳ ಸಾಲಿಗೂ ಸೇರಿತು. ನೀರಿಗಾಗಿ ಮಾಡಿದ ಕೆಲಸ ಹಕ್ಕಿಗೆ ಒದಗಿದ್ದು ಚರಿತ್ರೆಯ ಒಂದು ಔದಾರ್ಯ. ಆದರೆ ಚರಿತ್ರೆ ಯಾವಾಗಲೂ ಅಷ್ಟು ಉದಾರಿಯಲ್ಲ.

ರಣಧೀರ ಕಂಠೀರವನ ಹೆಸರು ಬಂದದ್ದರಿಂದ ಕಾಕನಕೋಟೆಯ ನೆನಪು ತಾನಾಗಿ ಬರುತ್ತದೆ. ಮಾಸ್ತಿಯವರು ತಮ್ಮ 'ಕಾಕನಕೋಟೆ' ನಾಟಕದಲ್ಲಿ ಈ ಅರಸನನ್ನೂ ಕಾಡುಕುರುಬರ ಮುಖಂಡ ಕಾಕನನ್ನೂ ಎದುರುಬದುರು ನಿಲ್ಲಿಸಿದ್ದಾರೆ. 1977ರಲ್ಲಿ ಸಿ. ಆರ್. ಸಿಂಹ ಅವರು ಅದನ್ನು ಚಲನಚಿತ್ರವಾಗಿಯೂ ತಂದರು. ನಾಡಿನ ಒಡೆಯನಿಗೆ ಕಾಡಿನ ಒಡೆಯನೊಬ್ಬ ಸಿಕ್ಕರೆ ಏನಾದೀತು ಎಂಬ ಪ್ರಶ್ನೆ ಮಾಸ್ತಿಯವರಂಥವರನ್ನು ಸೆಳೆದದ್ದು ಸಹಜ. ಆ ಹೆಸರಿನ ಕಾಡು ಕಪಿಲೆಯ ದಂಡೆಯಲ್ಲಿ, ಹೆಗ್ಗಡದೇವನಕೋಟೆಯಿಂದಾಚೆ, ಕೇರಳದ ಕಡೆ ಹೋಗುವ ದಾರಿಯಲ್ಲಿತ್ತು. ಲೋಕ ಅದನ್ನು ಬಲ್ಲದ್ದು ಮಾತ್ರ ನಾಟಕದಿಂದಲ್ಲ, ಖೆಡ್ಡಾದಿಂದ.

ಖೆಡ್ಡಾ ಎಂದರೆ ಕಾಡಾನೆಗಳ ಹಿಂಡನ್ನು ಹಿಂಡಾಗಿಯೇ ಸೆರೆಹಿಡಿಯುವ ವಿಧಾನ. ಬಂಗಾಳದ ಕಡೆ ಅದು ರೂಢಿಯಲ್ಲಿತ್ತು. ಮೈಸೂರು ಸೀಮೆಯಲ್ಲಿ ಅದನ್ನು ನೆಲೆಗೊಳಿಸಿದವನು ಜಿ. ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ. ನಾಲೆಗಳ ಉಸ್ತುವಾರಿಗೆಂದು ಬಂದ ಈತ 1874ರಲ್ಲಿ ಚಾಮರಾಜನಗರದ ಕಡೆಯ ಕಾಡಿನಲ್ಲಿ ಮೊದಲ ಬಾರಿಗೆ ಒಂದು ಹಿಂಡನ್ನು ಹಿಡಿದ. 1878ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಅವನೊಂದು ಸ್ವಾರಸ್ಯದ ಸಂಗತಿಯನ್ನು ಹೇಳುತ್ತಾನೆ. ಅವನಿಗಿಂತ ನೂರು ವರ್ಷ ಮೊದಲು ಹೈದರಾಲಿ ಕಾಕನಕೋಟೆಯ ಕಾಡಿನಲ್ಲಿ ಇಂಥದೇ ಪ್ರಯತ್ನ ಮಾಡಿ ಸೋತಿದ್ದನಂತೆ. ಮುಂದೆ ಯಾರೂ ಇದರಲ್ಲಿ ಗೆಲ್ಲಲಾರರೆಂದೂ, ಕೈಹಾಕಿದವರಿಗೆ ತನ್ನ ಶಾಪವಿದೆಯೆಂದೂ ಕಲ್ಲಿನ ಮೇಲೆ ಬರೆಸಿದ್ದನಂತೆ. ಶಾಪಕ್ಕೆ ಸ್ಯಾಂಡರ್ಸನ್ ಅಂಜಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಖೆಡ್ಡಾ ಕಾಕನಕೋಟೆಗೂ ಬಂತು. ಅರಸರ ಅತಿಥಿಗಳಿಗೆ, ವೈಸ್‌ರಾಯರಿಗೆ, ಪರದೇಶದ ಪ್ರವಾಸಿಗಳಿಗೆ ತೋರಿಸುವ ಮಹಾವೈಭವವಾಯಿತು. ಆನೆ ಹಿಡಿಯುವುದು ಕಾಡಿನ ಕಸುಬಾಗಿದ್ದದ್ದು ಆಟವಾಯಿತು, ಅಟ್ಟಣೆ ಕಟ್ಟಿ ಕುಳಿತು ನೋಡುವ ನೋಟವಾಯಿತು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದನ್ನು ಕಂಡವರಲ್ಲಿ ನಾನೂ ಒಬ್ಬ. ನನಗಾಗ ಹತ್ತು ವರ್ಷ. ನನ್ನ ತಂದೆ ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದರು. ಊರವರೆಲ್ಲ ಲಾರಿ ಹತ್ತಿದರು, ನಾವೂ ಹತ್ತಿದೆವು. ದೊಡ್ಡವರ ಅಟ್ಟಣೆಗಳಿಂದ ದೂರದಲ್ಲಿ, ದಂಡೆಯ ದಿಬ್ಬದ ಮೇಲೆ, ತಂದೆಯ ಹೆಗಲೇರಿ ನೋಡಿದ ನೆನಪು. ಮೊದಲು ಏನೂ ಕಾಣಲಿಲ್ಲ. ಆಚೆಯ ಕಾಡಿನೊಳಗಿಂದ ತಮಟೆಯ ಸದ್ದು, ಕೂಗು, ನಡುನಡುವೆ ತುಪಾಕಿಯ ಹೊಡೆತ. ಆಮೇಲೆ ಮರಗಳ ನಡುವಿನ ಕತ್ತಲೆಯೇ ಅಲುಗಿದಂತಾಗಿ ಹಿಂಡು ಹೊಳೆಗೆ ಇಳಿಯಿತು. ಸಾಕಿದ ಆನೆಗಳ ಸಾಲು ಅವುಗಳನ್ನು ಒತ್ತರಿಸಿಕೊಂಡು ಬಂತು. ನೀರಿನಲ್ಲಿ ಮರಿಯೊಂದು ಮುಳುಗುತ್ತ ಏಳುತ್ತ ತಾಯಿಯ ಹೊಟ್ಟೆಯಡಿಯಲ್ಲಿ ಸೇರಿಕೊಳ್ಳುತ್ತಿತ್ತು. ಹಿಂಡು ಬೇಲಿಯೊಳಕ್ಕೆ ನುಗ್ಗಿತು, ಬಾಗಿಲು ಬಿತ್ತು. ಜನ ಹೋ ಎಂದರು. ನಾನು ಕೈ ನೋಯುವಷ್ಟು ಚಪ್ಪಾಳೆ ತಟ್ಟಿದೆ.

ತಂದೆ ತಟ್ಟಲಿಲ್ಲ. ಹಿಂದಿರುಗುವಾಗ ದಾರಿಯ ಬದಿಯಲ್ಲಿ ಒಂದಿಷ್ಟು ಜನ ಕುಕ್ಕುರುಗಾಲಿನಲ್ಲಿ ಕುಳಿತು ಎಲೆಯಲ್ಲಿ ಮುದ್ದೆ ಉಣ್ಣುತ್ತಿದ್ದರು. ಮೈಯೆಲ್ಲ ಮುಳ್ಳು ಗೀರಿದ ಗಾಯ. ದಿನಗಟ್ಟಲೆ ಕಾಡಿನೊಳಗೆ ಹಿಂಡನ್ನು ಸುತ್ತುಗಟ್ಟಿ, ರಾತ್ರಿಯೆಲ್ಲ ಬೆಂಕಿ ಕಾಯ್ದು, ಅದನ್ನು ಹೊಳೆಯವರೆಗೆ ಅಟ್ಟಿಕೊಂಡು ಬಂದವರು. ಜೇನುಕುರುಬರು, ಕಾಡುಕುರುಬರು. ತಂದೆ ಅವರನ್ನು ತೋರಿಸಿ, "ಆನೆ ಹಿಡಿದವರು ಇವರು, ಮಗು. ಅಟ್ಟಣೆಯ ಮೇಲಿದ್ದವರಲ್ಲ" ಎಂದರು. ನನಗೆ ಆಗ ಆ ಮಾತು ಹಿಡಿಸಲಿಲ್ಲ. ಅಂಗಿಯಿಲ್ಲದವರು ಆನೆ ಹಿಡಿಯುವುದುಂಟೆ ಎಂದು ತೋರಿತು.

ಮರುವರ್ಷ, 1972ರಲ್ಲಿ, ವನ್ಯಜೀವಿಗಳ ಸಂರಕ್ಷಣೆಯ ಕಾಯಿದೆ ಬಂತು. ಅದರ ಮರುವರ್ಷ ಹುಲಿ ಯೋಜನೆ ಬಂತು. ದೇಶದಲ್ಲಿ ಮೊದಲು ಆಯ್ದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಬಂಡೀಪುರ ಆ ಹೊತ್ತಿಗೆ ಉಳಿದಿತ್ತಲ್ಲ, ಅದೂ ಒಂದು ಕಥೆ. ಅದು ಅರಸರ ಬೇಟೆಯ ಕಾಡು. 1931ರಲ್ಲಿ ಸುಮಾರು 90 ಚದರ ಕಿಲೋಮೀಟರಿನಷ್ಟನ್ನು ಅಭಯಾರಣ್ಯವೆಂದು ಗೊತ್ತುಮಾಡಿದರು. 1941ರಲ್ಲಿ ಅದನ್ನು ಬಹುವಾಗಿ ಹಿಗ್ಗಿಸಿ, ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ವೇಣುಗೋಪಾಲ ವನ್ಯಮೃಗ ಉದ್ಯಾನವೆಂದು ಕರೆದರು. ಬೇಟೆಯಾಡಲು ಮೃಗ ಬೇಕು, ಮೃಗಕ್ಕೆ ಕಾಡು ಬೇಕು, ಆದ್ದರಿಂದ ಪ್ರಜೆಗಳ ಕೊಡಲಿ ಅಲ್ಲಿಗೆ ಹೋಗಕೂಡದು: ಇದು ಎಲ್ಲ ದೊರೆಗಳ ತರ್ಕ. ಕೊಲ್ಲುವುದಕ್ಕಾಗಿ ಕಾಯ್ದದ್ದು ಕೊನೆಗೆ ಕಾಯುವುದಕ್ಕಾಗಿಯೇ ಉಳಿಯಿತು. ಫಲವನ್ನು ಕಡೆಗಣಿಸಲಾಗದು. 2022ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 563 ಹುಲಿಗಳಿದ್ದವು; ಮಧ್ಯಪ್ರದೇಶ ಬಿಟ್ಟರೆ ನಮ್ಮದೇ ಹೆಚ್ಚು. ಆನೆಗಳಂತೂ ಆರು ಸಾವಿರದ ಸುಮಾರು, ದೇಶದಲ್ಲೇ ಮೊದಲ ಸ್ಥಾನ. ಒಂದು ಕಾಲಕ್ಕೆ ನಾವು ಹಿಂಡುಹಿಂಡಾಗಿ ಹಿಡಿದು ಮಾರಿದ ಪ್ರಾಣಿಯಿದು ಎಂಬುದನ್ನು ನೆನೆದರೆ, ಕಾಯಿದೆಗಳಿಂದ ಏನೂ ಆಗುವುದಿಲ್ಲವೆಂಬ ನಮ್ಮ ಜಗಲಿಯ ವೇದಾಂತ ಸುಳ್ಳಾಗುತ್ತದೆ.

ಇತ್ತ ಕಾಕನಕೋಟೆಯ ಗತಿ ಬೇರೆಯಾಯಿತು. ಕಪಿಲೆಗೆ ಬೀಚನಹಳ್ಳಿಯಲ್ಲಿ ಕಟ್ಟೆ ಕಟ್ಟಿದರು. 1974ರಲ್ಲಿ ಜಲಾಶಯ ಪೂರ್ಣವಾಯಿತು. ಹಳ್ಳಿಗಳು ಮುಳುಗಿದವು, ಹಳೆಯ ಕಾಡು ಮುಳುಗಿತು, ಖೆಡ್ಡಾದ ನೆಲವೂ ಮುಳುಗಿತು. ನಾನು ಚಪ್ಪಾಳೆ ತಟ್ಟಿದ ದಿಬ್ಬ ಇಂದು ನೀರಿನಡಿಯಲ್ಲಿದೆ. ಅದರ ಒಂದು ದಂಡೆಗೆ ನಾಗರಹೊಳೆ, ಇನ್ನೊಂದು ದಂಡೆಗೆ ಬಂಡೀಪುರ. ಬೇಸಿಗೆ ಬಲಿತು ಹಿನ್ನೀರು ಇಳಿದಾಗ, ವರ್ಷವೆಲ್ಲ ನೀರಿನ ಕೆಳಗಿದ್ದ ಮಣ್ಣಿನ ಮೇಲೆ ಹಸುರು ಹುಲ್ಲು ಚಿಗುರುತ್ತದೆ. ಸುತ್ತಣ ಕಾಡೆಲ್ಲ ಒಣಗಿ ನಿಂತಿರುವ ಕಾಲದಲ್ಲಿ ಆ ಹುಲ್ಲಿಗೂ ನೀರಿಗೂ ಆನೆಗಳು ನೂರಾರು ಸಂಖ್ಯೆಯಲ್ಲಿ ಬಂದು ಸೇರುತ್ತವೆ. ಏಷ್ಯದ ಆನೆಗಳನ್ನು ಇಷ್ಟು ಒಟ್ಟಾಗಿ ಕಾಣುವ ಜಾಗ ಲೋಕದಲ್ಲಿಯೇ ವಿರಳ. ಯಾವ ಹೊಳೆಯಲ್ಲಿ ಅವುಗಳ ಅಜ್ಜಿಯರನ್ನು ಅಟ್ಟಿ ಹಿಡಿದೆವೋ ಅದೇ ಹೊಳೆಯ ದಂಡೆಯಲ್ಲಿ ಅವು ಈಗ ನಿಶ್ಚಿಂತೆಯಾಗಿ ಮೇಯುತ್ತವೆ. ಇದನ್ನು ನೋಡಲೆಂದೇ ಜನ ದೇಶಾಂತರದಿಂದ ಬರುತ್ತಾರೆ. ಮೊಮ್ಮಗಳ ಪಟ್ಟಿಯಲ್ಲಿ 'ಕಬಿನಿ' ಎಂದಿದ್ದದ್ದು ಇದೇ.

ಆನೆಗೆ ಬಿಡುಗಡೆಯಾಯಿತು. ಹಿಡಿದವರಿಗೆ? ಮೈಸೂರು ರಾಜ್ಯದಲ್ಲಿ ಅರಣ್ಯ ಇಲಾಖೆ ಏರ್ಪಟ್ಟದ್ದು 1864ರಲ್ಲಿ. ಅಂದಿನಿಂದ ಜೇನು, ಗೆಣಸು, ಬಿದಿರು ಎಂದು ಕಾಡಿನಲ್ಲಿ ಬದುಕಿದವರು ಹಂತಹಂತವಾಗಿ ಕಾಡಿನ ಅತಿಥಿಗಳಾದರು, ಕೂಲಿಗಳಾದರು, ಕೊನೆಗೆ ಅತಿಕ್ರಮಣಕಾರರೆನಿಸಿದರು. ಜಲಾಶಯ ಕೆಲವರನ್ನು ಎಬ್ಬಿಸಿತು, ರಾಷ್ಟ್ರೀಯ ಉದ್ಯಾನ ಕೆಲವರನ್ನು ಎಬ್ಬಿಸಿತು. ಅದೇ ನಾಗರಹೊಳೆಯೊಳಗೆ ಪ್ರವಾಸಿಗಳಿಗಾಗಿ ಹೋಟೆಲೊಂದು ಏಳುವುದರಲ್ಲಿತ್ತು. ಆದಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ತಡೆಯಿತು. 2006ರಲ್ಲಿ ಅರಣ್ಯವಾಸಿಗಳ ಹಕ್ಕನ್ನು ಒಪ್ಪುವ ಕಾಯಿದೆಯೂ ಬಂತು. ಆದರೆ ಕಾಗದದ ಮೇಲಿನ ಹಕ್ಕು ಕಾಡಿನ ಬಾಗಿಲಿಗೆ ಬರುವ ಹೊತ್ತಿಗೆ ದಣಿದಿರುತ್ತದೆ.

ಬಳ್ಳೆಯ ಆನೆ ಶಿಬಿರದ ಹತ್ತಿರ ನಮಗೊಬ್ಬ ವೃದ್ಧರು ಸಿಕ್ಕರು. ಜೇನುಕುರುಬರು; ಬಹುಕಾಲ ಕಾವಾಡಿಯಾಗಿದ್ದವರು. ದಸರೆಯ ಮೆರವಣಿಗೆಗೆ ಮೈಸೂರಿಗೆ ಬರುವ ಆನೆಗಳನ್ನು ಇಂದಿಗೂ ಸಾಕಿ ಪಳಗಿಸುವವರು ಹೆಚ್ಚಾಗಿ ಇವರ ಕುಲದವರೇ. ನಾನು ಕೊನೆಯ ಖೆಡ್ಡಾ ಕಂಡದ್ದನ್ನು ಹೇಳಿದೆ. ಅವರ ಮುಖ ಅರಳಿತು.

"ನಮ್ಮಪ್ಪ ಇದ್ದ ಸ್ವಾಮಿ ಅದರಲ್ಲಿ. ನಾನೂ ಪಂಜು ಹಿಡಿದಿದ್ದೆ" ಎಂದರು.

"ಆಮೇಲೆ ನೀವು ಎಲ್ಲಿಗೆ ಹೋದಿರಿ, ಯಜಮಾನರೆ?" ಎಂದು ಕೇಳಿದೆ.

ಅವರು ಹಿನ್ನೀರಿನ ಕಡೆಗೆ ಕೈ ಮಾಡಿದರು. "ನಮ್ಮ ಹಾಡಿ ಅಲ್ಲಿತ್ತು. ಆನೆ ಹಿಡಿಯೋಕೆ ನಾವು ಬೇಕಿತ್ತು ಸ್ವಾಮಿ. ನೀರು ಬಂದಾಗ ಎದ್ದೇಳಿ ಅಂದರು, ಎದ್ದೆವು. ದೇವರ ಕಲ್ಲು ಒಳಗೇ ಉಳೀತು."

ದೂರು ಹೇಳುವ ಧ್ವನಿಯಲ್ಲ ಅದು. ಹವಾಮಾನದ ವಿಷಯ ಹೇಳುವ ಧ್ವನಿ. ನನಗೆ ನಮ್ಮ ಗಾದೆ ನೆನಪಾಯಿತು. ನಮ್ಮಂಥವರಿಗೆ ಮುಪ್ಪಿನಲ್ಲಿಯಾದರೂ ಕಾಡು ಬಾ ಎನ್ನುತ್ತದೆ. ಇವರಿಗೆ ಕಾಡು ಹೋಗು ಎಂದಿತು. ಊರು ಬಾ ಎನ್ನಲಿಲ್ಲ.

ಹಾಗಾದರೆ ಮನುಷ್ಯರನ್ನು ಹೊರಗಿಟ್ಟಲ್ಲದೆ ಕಾಡು ಉಳಿಯದೆ? ಉಳಿದದ್ದುಂಟು. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ದೇವರಕಾಡುಗಳಿವೆ. ಅರಸನ ಬೇಲಿಯಾಗಲಿ ಇಲಾಖೆಯ ಕಾವಲಾಗಲಿ ಅವುಗಳಿಗೆ ಮೊದಲಿಗೆ ಇರಲಿಲ್ಲ. ದೇವರ ಮರಕ್ಕೆ ಕೊಡಲಿ ಇಡಬಾರದೆಂಬ ಭಯಭಕ್ತಿಗಳೇ ಬೇಲಿ. ಕಾಫಿಯ ಬೆಲೆ ಏರಿದಾಗ ಆ ಬೇಲಿಯೂ ಅಲ್ಲಲ್ಲಿ ಜಗ್ಗಿತೆಂಬುದು ನಿಜ. ಉತ್ತರ ಕನ್ನಡದಲ್ಲಿ, ಶಿರಸಿಯ ಕಡೆ, 1983ರಲ್ಲಿ ಹಳ್ಳಿಯವರು ತಾವೇ ಹೋಗಿ ಮರಗಳನ್ನು ತಬ್ಬಿ ನಿಂತು ಕಡಿತವನ್ನು ತಡೆದರು. ಅಪ್ಪಿಕೋ ಎಂಬ ಚಳವಳಿ ಹಾಗೆ ಹುಟ್ಟಿತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಹಿತ್ತಿಲಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಹಕ್ಕಿಗಳು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂಬುದು ಊರವರ ಭಾವನೆ. ಹಿಕ್ಕೆ ಬಿದ್ದು ಹುಣಸೆಯ ಫಸಲು ಕೆಡುತ್ತದೆ, ವಾಸನೆಯೂ ಉಂಟು, ಆದರೂ ಓಡಿಸುವುದಿಲ್ಲ. ಫಸಲಿನ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಹಣ ಕೊಡುವ ಏರ್ಪಾಡು ಮಾಡಿತು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆನಿಸಿತು. ಅಲ್ಲಿ ಯಾರೂ ಯಾರನ್ನೂ ಎಬ್ಬಿಸಲಿಲ್ಲ. ಹುಲಿಯನ್ನು ಹಿತ್ತಿಲಲ್ಲಿ ಸಾಕಲಾಗದು, ಒಪ್ಪಿದೆ. ಹುಲಿಗೆ ಜನರಿಲ್ಲದ ನೆಲ ಬೇಕು. ಆದರೆ ಆ ನೆಲವನ್ನು ಬಿಟ್ಟುಕೊಟ್ಟವರಿಗೆ ಹಕ್ಕಿಗೆ ಸಂದಷ್ಟು ಮರ್ಯಾದೆಯೂ ಸಲ್ಲದಿದ್ದರೆ, ನಮ್ಮ ಕಾಡಿನ ಹೆಮ್ಮೆ ಅರ್ಧ ಹೆಮ್ಮೆ.

ಸಂಜೆ ದೋಣಿಯಲ್ಲಿ ಹೋದೆವು. ಬೇಸಿಗೆಯ ಕೊನೆ. ಹಿನ್ನೀರು ಇಳಿದು ದಂಡೆ ಹಸುರಾಗಿತ್ತು. ಆನೆಗಳು ಎಣಿಕೆಗೆ ಸಿಗದಷ್ಟು. ಅವುಗಳ ನಡುವೆ ಒಂದು ಮರಿ ತಾಯಿಯ ಹೊಟ್ಟೆಯಡಿಯಿಂದ ಹೊರಗೆ ಬಂದು ನೀರಿಗೆ ಸೊಂಡಿಲು ಹಾಕಿ, ಬೆದರಿ, ಮತ್ತೆ ಒಳಗೆ ಸೇರಿತು. ಮೊಮ್ಮಗಳು ಸಂತೋಷ ತಾಳಲಾರದೆ ಎರಡು ಕೈಗಳನ್ನೂ ಎತ್ತಿದಳು. ದೋಣಿಯವನು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದ. ಅವಳು ಕೈ ಇಳಿಸಿದಳು. ದೋಣಿಯ ಯಂತ್ರವನ್ನು ನಿಲ್ಲಿಸಿದ್ದರು. ಹುಲ್ಲು ಕಿತ್ತು ಮಣ್ಣು ಕೊಡಹುವ ಸದ್ದು ಕೇಳುತ್ತಿತ್ತು.

ಅಂದು ರಾತ್ರಿ ಅವಳು ಪಟ್ಟಿಯನ್ನು ಮುಂದಿಟ್ಟುಕೊಂಡು, ನೋಡಿದ ತಾಣಗಳಿಗೆ ಗುರುತು ಹಾಕುತ್ತಿದ್ದಳು. "ತಾತ, ಆ ಅಜ್ಜನ ದೇವರ ಕಲ್ಲು ನೀರು ಇಳಿದಾಗ ಕಾಣುತ್ತದೆಯೆ?" ಎಂದು ಕೇಳಿದಳು. ನಾನು ಉತ್ತರ ಹೇಳಲಿಲ್ಲ. ನಾಳೆ ಅವರನ್ನೇ ಕೇಳೋಣ ಎಂದೆ. ಅವಳು 'ಕಬಿನಿ' ಎಂಬ ಹೆಸರಿನ ಮುಂದೆ, ಹಾಳೆಯ ಅಂಚಿನಲ್ಲಿ ಉಳಿದಿದ್ದ ಜಾಗದಲ್ಲಿ, ಚಿಕ್ಕ ಅಕ್ಷರಗಳಲ್ಲಿ 'ಕಾಕನಕೋಟೆ' ಎಂದು ಬರೆದುಕೊಂಡಳು.

(ಬಾನುಲಿ ಭಾಷಣ)